ಎಡಗಡೆಯ ಎತ್ತು, ಬಲಗಡೆಯ ಎತ್ತು

ನಮ್ಮ ಅಣ್ಣ ಮಣ್ಣು ನೋಡಿ ಬೆಟ್ಟದ ಚರಿತ್ರೆ ಹೇಳುತ್ತೇನೆಂದು ಹೊರಟವನು. "ಬೆಟ್ಟಾನ ಹೋಗಿ ನೋಡಬಾರದೇನು?" ಎಂದು ನಾನು ಕೇಳಿದ್ದಕ್ಕೆ, "ಬೆಟ್ಟದಾಗ ಈಗ ಉಳದದ್ದಷ್ಟ ಕಾಣತೈತಿ. ಸವದು ಹೋದದ್ದು ಕೆಳಗ ಬಯಲಾಗ ಬಂದು ಕುಂತೈತಿ. ನನಗ ಬೇಕಾದದ್ದು ಅದು" ಎಂದಿದ್ದ. ಆಗ ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೆ, ಅದೂ ಚರಿತ್ರೆಯ ವಿದ್ಯಾರ್ಥಿನಿ. ರಾಜರಿಲ್ಲದ, ಯುದ್ಧವಿಲ್ಲದ ಇದೆಂಥ ಚರಿತ್ರೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ್ದನ್ನು ತಿಳಿಯಲಿಲ್ಲ ಎನ್ನುವ ಬದಲು ಸಿಟ್ಟಿಗೇಳುವುದು ನನ್ನ ಹುಟ್ಟುಗುಣ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾವು ವಿಜಾಪುರದ ಕಡೆಯವರು. ಅಪ್ಪನಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಹೆಬ್ಬಾಳದ ಹಳೇ ಊರಿನೊಳಗೆ ಬಾಡಿಗೆಗಿದ್ದೆವು. ಅಣ್ಣ ಸಂಶೋಧನೆಗೆ ಸೇರಿಕೊಂಡಿದ್ದ. ಹಿಮಾಲಯದ ತಪ್ಪಲಿನ ಬಯಲಿನಲ್ಲಿ ಯಾರೋ ಬಲು ಆಳದ ಬೋರು ಕೊರೆದಾಗ ಮೇಲೆ ಬಂದ ಮಣ್ಣಿನಲ್ಲಿ ಅವನಿಗೂ ಅವನ ಗೈಡಿಗೂ ಒಂದಿಷ್ಟು ಸಿಕ್ಕಿತ್ತು. ಆಳಕ್ಕೆ ಹೋದಷ್ಟೂ ಹಳೆಯ ಮಣ್ಣು. ಒಂದೊಂದು ಆಳದ್ದು ಒಂದೊಂದು ದಪ್ಪನೆಯ ಗಾಡಾ ಬಟ್ಟೆಯ ಚೀಲದಲ್ಲಿ, ಚೀಲದ ಮೇಲೆ ಶಾಯಿಯಲ್ಲಿ ಬರೆದ ನಂಬರು. ಉಳಿದ ಮಣ್ಣನ್ನು ಬೋರು ಕೊರೆದವರು ಅಲ್ಲೇ ಎಲ್ಲೋ ಸುರಿದು ಹೋಗಿದ್ದರು. ಅಂದರೆ ಈ ಚೀಲಗಳಲ್ಲಿ ಇದ್ದದ್ದಷ್ಟೇ.

ಆ ಮಣ್ಣಿನಲ್ಲಿ ಅವನು ಹುಡುಕುತ್ತಿದ್ದದ್ದು ಐಸೋಟೋಪು. ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಮುಂದೆ ಕೂತು ನಮಗೆ ತಿಳಿಸಿ ಹೇಳಲು ನೋಡಿದ. ಸ್ಟ್ರಾನ್ಷಿಯಂ ಎಂಬ ಒಂದು ಧಾತುವಂತೆ. ಹೆಸರು ಒಂದೇ, ಆದರೆ ಅದರ ಕಣಗಳಲ್ಲಿ ಕೆಲವು ಹಗುರ, ಕೆಲವು ಭಾರ. ಬಹಳ ಹಳೆಯ ಬಂಡೆಗಳಲ್ಲಿ ಭಾರದ್ದರ ಪಾಲು ಹೆಚ್ಚಾಗಿರುತ್ತದೆ, ಹೊಸ ಬಂಡೆಗಳಲ್ಲಿ ಕಡಿಮೆ. ಬಂಡೆ ಸವೆದು, ಹೊಳೆಯಲ್ಲಿ ಹರಿದು, ಬಯಲಿನಲ್ಲಿ ಮಣ್ಣಾಗಿ ಕೂತರೂ ಆ ಪಾಲು ಅಳಿಸುವುದಿಲ್ಲ. ಹಾಗಾಗಿ ಯಾವ ಕಾಲದಲ್ಲಿ ಬೆಟ್ಟದ ಯಾವ ಬಂಡೆ ಸವೆಯುತ್ತಿತ್ತು ಎಂದು ಮಣ್ಣೇ ಹೇಳುತ್ತದೆ. "ಗಿರಣಿಯಿಂದ ಬಂದ ಹಿಟ್ಟು ನೋಡಿ ಇದು ಯಾರ ಹೊಲದ ಜ್ವಾಳ ಅಂತ ಹೇಳಿದಂಗ" ಎಂದ.

"ಅದರಾಗೇನೈತಿ, ಅದನ್ನ ನಾನೂ ಹೇಳ್ತೀನಿ" ಎಂದಳು ಅವ್ವ, ರೊಟ್ಟಿ ತಿರುವಿಹಾಕುತ್ತಾ.

ಅವಳಿಗೆ ಅರ್ಥವಾಯಿತು, ನನಗೆ ಆಗಲಿಲ್ಲ. ಭಾರ ಹಗುರ ಎಂದರೆ ತಕ್ಕಡಿಯಲ್ಲಿ ತೂಗುತ್ತಾರೋ, ಬಂಡೆಗೆ ವಯಸ್ಸಾದರೆ ತೂಕ ಯಾಕೆ ಹೆಚ್ಚಬೇಕು, ಏನೂ ಗೊತ್ತಾಗದೆ ಸುಮ್ಮನೆ ತಲೆಯಾಡಿಸಿದೆ.

ನನಗೆ ಅರ್ಥವಾದದ್ದು ಇಷ್ಟು. ಆಳದ ಚೀಲಗಳಲ್ಲಿ ಭಾರದ್ದರ ಪಾಲು ಕಡಿಮೆ, ಮೇಲಿನ ಚೀಲಗಳಲ್ಲಿ ಜಾಸ್ತಿ ಬರುತ್ತದೆಂದು ಅವರ ಎಣಿಕೆ. ಹಾಗೆ ಬಂದರೆ ಮೊದಲು ಬೆಟ್ಟದ ಮೇಲ್ಹೊದಿಕೆ ಸವೆದು, ಆಮೇಲೆ ಒಂದು ಕಾಲದಲ್ಲಿ ಒಳಗಿನ ಹಳೇ ಬಂಡೆ ಹೊರಬಿತ್ತು ಎಂದರ್ಥ. ಆ ಬದಲಾವಣೆ ನಡುವಿನ ಎರಡು ಚೀಲಗಳ ಆಸುಪಾಸಿನಲ್ಲಿ ಆಗಿರಬೇಕು. ಒಮ್ಮೆಲೇ ಆಯಿತೇ, ಹಿಂದೆ ಮುಂದೆ ತೂಗಾಡಿ ಆಯಿತೇ ಎಂಬುದೇ ಅಣ್ಣನ ಪ್ರಬಂಧದ ಜೀವ. ಅದು ಸಿದ್ಧವಾದರೆ ತಮ್ಮ ವಿಭಾಗದಲ್ಲೇ ಒಂದು ಕೆಲಸ ಕೊಡಿಸುವುದಾಗಿ ಗೈಡು ಹೇಳಿದ್ದರು. ಅವನ ಫೆಲೋಶಿಪ್ಪು ಆ ವರ್ಷಕ್ಕೆ ಮುಗಿಯುವುದಿತ್ತು.

ಇತ್ತ ಅವ್ವನದು ಬೇರೆ ಮಣ್ಣಿನ ಚಿಂತೆ. ಕಾರಹುಣ್ಣಿಮೆಯ ಮುಂದಿನ ಅಮಾವಾಸ್ಯೆಗೆ ನಮ್ಮ ಕಡೆ ಮಣ್ಣಿನ ಎತ್ತು ಪೂಜಿಸುತ್ತಾರೆ. ಊರಿನಲ್ಲಾದರೆ ಕುಂಬಾರ ಮನೆಗೆ ತಂದುಕೊಡುತ್ತಿದ್ದ, ಇಲ್ಲವೇ ಎರೆಮಣ್ಣು ಕಲಸಿ ನಾವೇ ಮಾಡುತ್ತಿದ್ದೆವು. ಬೆಂಗಳೂರಿನಲ್ಲಿ ಅಂಥ ಅಮಾವಾಸ್ಯೆಯೇ ಇಲ್ಲ. ಹಿಂದಿನ ವರ್ಷ ಅವ್ವ ಹಿತ್ತಲ ಕೆಮ್ಮಣ್ಣಿನಲ್ಲಿ ಮಾಡಿದರೆ, ಪೂಜೆಯ ಹೊತ್ತಿಗೆ ಎತ್ತಿನ ಕಾಲು ಮುರಿದು ಕೂತಿತ್ತು. ಅದರ ಹಿಂದಿನ ವರ್ಷ ಕೆರೆಯ ಮಣ್ಣು ತಂದರೆ ಮನೆಯೆಲ್ಲಾ ನಾತ. ಅದಕ್ಕೇ ಈ ಸಲ ತಿಂಗಳಿನಿಂದ ಅಣ್ಣನ ಬೆನ್ನು ಹತ್ತಿದ್ದಳು. "ತಮ್ಮಾ, ಮಣ್ಣಿನ ಅಭ್ಯಾಸ ಮಾಡಾಂವ ನೀ. ಎತ್ತಿಗೊಂದಿಷ್ಟು ಚಲೋ ಮಣ್ಣು ತಂದುಕೊಡಪಾ." ಅವನು ಪುಸ್ತಕದಿಂದ ತಲೆ ಎತ್ತದೆ, "ತರತೀನಿ ಬಿಡವಾ" ಎನ್ನುತ್ತಿದ್ದ.

ಅಮಾವಾಸ್ಯೆಯ ಹಿಂದಿನ ದಿನ ಶನಿವಾರ. ಸೋಮವಾರ ರೈಲಿನಲ್ಲಿ ಬೇರೆ ಊರಿನ ಪ್ರಯೋಗಾಲಯಕ್ಕೆ ಮಣ್ಣು ಒಯ್ಯಬೇಕಿತ್ತು. ಅಳೆಯುವ ಯಂತ್ರ ಇದ್ದದ್ದು ಅಲ್ಲಿ. ಹಾಗಾಗಿ ಅಣ್ಣ ಚೀಲಗಳನ್ನು ಮನೆಗೆ ತಂದು, ಯಾರ ಕಾಲಿಗೂ ಸಿಗದಿರಲೆಂದು ದೇವರ ಜಗಲಿಯ ಕೆಳಗೆ, ಆಳದವು ಗೋಡೆಯ ಕಡೆಗೆ ಬರುವಂತೆ, ಸಾಲಾಗಿ ಜೋಡಿಸಿಟ್ಟ. "ಏನೋ ಇದು?" ಎಂದು ಅವ್ವ ಕೇಳಿದ್ದಕ್ಕೆ, "ಗಂಗಾ ಬಯಲಿನ ಮಣ್ಣವಾ" ಎಂದು ಹೇಳಿ ಸ್ನಾನಕ್ಕೆ ಹೋದ. ತಿಂಗಳಿನಿಂದ ಕೇಳಿದ ಮಣ್ಣು, ಅದೂ ಗಂಗೆಯ ಮಣ್ಣು, ಅಮಾವಾಸ್ಯೆಯ ಹಿಂದಿನ ದಿನ, ದೇವರ ಜಗಲಿಯ ಕೆಳಗೆ. ಇದಕ್ಕಿಂತ ಹೆಚ್ಚು ಯಾರು ಏನು ಹೇಳಬೇಕಿತ್ತು? ನಾನಾಗಿದ್ದರೂ ಹಾಗೇ ತಿಳಿಯುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅಣ್ಣ ಪ್ರಯಾಣಕ್ಕೆ ಬೇಕಾದ ಯಾವುದೋ ಸಾಮಾನು ತರಲು ಹೊರಗೆ ಹೋಗಿದ್ದ. ಅವ್ವ ಸಾಲಿನ ನಡುವಿನ ಎರಡು ಚೀಲ ಎಳೆದುಕೊಂಡಳು. ನಡುವಿನವೇ ಯಾಕೆಂದರೆ ಅವೇ ದಪ್ಪಗಿದ್ದವು. ಮುಖ್ಯವಾದ ಜಾಗವೆಂದು ಅಲ್ಲಿನ ಮಣ್ಣನ್ನು ಅಣ್ಣ ಹೆಚ್ಚು ಕೇಳಿ ತರಿಸಿದ್ದ. ಒಂದು ಚೀಲಕ್ಕೆ ಒಂದು ಎತ್ತು. ನಾನು ಹೊಸ್ತಿಲ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ಅವ್ವನ ಕೈಯಲ್ಲಿ ಆ ಬೂದು ಮಣ್ಣು ಬೆಣ್ಣೆಯಂತೆ ಬಂತು. ಮನೆಯ ಮಾಲೀಕರ ಹೆಂಡತಿ, ಹೆಬ್ಬಾಳದಲ್ಲೇ ಹುಟ್ಟಿ ಬೆಳೆದ ಹೆಂಗಸು, ಬಾಗಿಲಲ್ಲಿ ನಿಂತು ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

"ಇದೇನ್ರಮ್ಮ ಇಂಗೆ? ಗೌರಿ ಅಬ್ಬ ಇನ್ನಾ ಎಷ್ಟೋ ದೂರ ಐತೆ, ಈಗ್ಲೇ ಬಸವಣ್ಣನ್ನ ಮಾಡ್ತಾ ಕುಂತಿದ್ದೀರಾ?"

"ನಮ್ಮ ಕಡೆ ಬಸವಣ್ಣಗ ಬ್ಯಾರೇನ ಹಬ್ಬ ಐತ್ರೀ. ನನ್ನ ಮಗ ಗಂಗಿಯಿಂದ ಮಣ್ಣು ತರಿಸ್ಯಾನ" ಎಂದಳು ಅವ್ವ. ಆ ಮುಖದಲ್ಲಿದ್ದ ಹೆಮ್ಮೆ ನನಗೆ ಈಗಲೂ ನೆನಪಿದೆ.

ಜೋಳದ ಕಾಳಿನ ಕಣ್ಣು, ಸುಣ್ಣ ಬಳಿದ ಕೋಡು. ಜಗಲಿಯ ಮೇಲೆ ಎಡಕ್ಕೊಂದು ಬಲಕ್ಕೊಂದು ಎತ್ತು ಕೂತವು. ಬಟ್ಟೆ ಗಟ್ಟಿಯಾಗಿದೆ, ಬೇಳೆ ಹಾಕಿಡಲು ಬರುತ್ತದೆ ಎಂದು ಅವ್ವ ಎರಡೂ ಚೀಲಗಳನ್ನು ಸಬಕಾರ ಹಚ್ಚಿ ಒಗೆದು ಹಿತ್ತಲ ತಂತಿಗೆ ಹಾಕಿದಳು. ಶಾಯಿ ನೀರಿನಲ್ಲಿ ಹೋಯಿತು. ವಿಭೂತಿ ಹಚ್ಚಿ, ಕಡುಬು ಎಡೆ ಹಿಡಿದು, ಆರತಿ ಬೆಳಗುತ್ತಿರುವಾಗ ಅಣ್ಣ ಬಂದ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಎತ್ತು ನೋಡಿದ, ಚೀಲಗಳ ಸಾಲು ನೋಡಿದ, ಹಿತ್ತಲಿಗೆ ಹೋಗಿ ತಂತಿಯ ಮೇಲಿದ್ದ ಚೀಲಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ವಾಪಸು ಬಂದು ನೆಲದ ಮೇಲೆ ಕೂತು, "ಎತ್ತಿಗೆ ಮಣ್ಣು ಬೇಕಂದಿದ್ದಿ, ಅಲ್ಲಾ?" ಎಂದ. ಅವ್ವ ಆರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ತಪ್ಪಾಗಿದೆ ಎಂದು ಅವಳಿಗೆ ತಿಳಿಯಿತು, ಏನು ತಪ್ಪೆಂದು ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಮಣ್ಣು ಅಲ್ಲೇ ಇದೆಯಲ್ಲ, ಎತ್ತಿನ ಆಕಾರದಲ್ಲಿ!

ಆಕಾರದ್ದೇನೂ ತೊಂದರೆಯಿಲ್ಲ ಎಂದು ಅವನೇ ಹೇಳಿದ. ನಲ್ಲಿಯ ನೀರು, ವಿಭೂತಿ, ಸುಣ್ಣ ಇವೆಲ್ಲ ಆಸಿಡ್ಡಿನಲ್ಲಿ ತೊಳೆದರೆ ಹೋಗುತ್ತವೆ, ಮಣ್ಣಿನ ಕಣದೊಳಗೆ ಇದ್ದದ್ದು ಇದ್ದ ಹಾಗೇ ಇರುತ್ತದೆ. ಕೇಳಬೇಕಾದದ್ದು ಒಂದೇ. ಯಾವ ಎತ್ತು ಯಾವ ಚೀಲದ್ದು? ಯಾವುದು ಆಳದ್ದು, ಯಾವುದು ಮೇಲಿನದ್ದು?

"ನೆನಪಿಲ್ಲಪಾ. ಎರಡೂ ಮಣ್ಣ, ಏನು ನೋಡ್ಲಿ" ಎಂದಳು ಅವ್ವ.

"ನೀ ಅಲ್ಲೇ ಕುಂತಿದ್ದೆಲ್ಲಾ, ನೀ ನೋಡಿದೇನು?" ಎಂದು ನನ್ನ ಕಡೆ ತಿರುಗಿದ.

"ನಾ ತಲಿ ಹಿಕ್ಕೋಳಾಕತ್ತಿದ್ದೆ. ನನಗೊತ್ತಿಲ್ಲ" ಎಂದೆ. ಅದು ಖರೆಯೇ ಆಗಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಎತ್ತುಗಳಿಂದ ಚೂರು ಮಣ್ಣು ತೆಗೆಯಬೇಕಲ್ಲ! ನಮ್ಮ ಮನೆಯಲ್ಲಿ ಪೂಜೆಯಾದ ಎತ್ತುಗಳನ್ನು ನಾಗರ ಪಂಚಮಿಯವರೆಗೆ ಜಗಲಿಯ ಮೇಲಿಟ್ಟು ಆಮೇಲೆ ನೀರಿಗೆ ಬಿಡುವ ಪದ್ಧತಿ. "ಪೂಜಿ ಮಾಡಿದ ಎತ್ತಿನ ಹೊಟ್ಟಿಗೆ ಚೂರಿ ಹಾಕತಿಯೇನೋ?" ಎಂದು ಅವ್ವ ಅಳತೊಡಗಿದಳು. ಕಡೆಗೆ ಅವಳೇ ಎದ್ದು ಎತ್ತುಗಳ ಮುಂದೆ ಕೈಮುಗಿದು, "ಬಸವಣ್ಣಾ, ಹುಡುಗನ ಅಭ್ಯಾಸದ ಮಾತೈತಿ, ಸಿಟ್ಟಾಗಬ್ಯಾಡ" ಎಂದು ಬೇಡಿಕೊಂಡು, ಒಂದೊಂದರ ಹೊಟ್ಟೆಯ ಕೆಳಗಿಂದ ತನ್ನ ಕೈಯಾರೆ ಮಣ್ಣು ತೆಗೆದುಕೊಟ್ಟಳು. ಅಣ್ಣ ಪೊಟ್ಟಣಗಳ ಮೇಲೆ ಎಡ, ಬಲ ಎಂದು ಬರೆದ. ಉಳಿದ ಚೀಲಗಳನ್ನು ಎತ್ತಿ ಅಟ್ಟದ ಮೇಲಿಟ್ಟ. ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಫಲಿತಾಂಶ ಬರಲು ತಿಂಗಳುಗಟ್ಟಲೆ ಹಿಡಿಯಿತು. ಆ ತಿಂಗಳುಗಳಲ್ಲಿ ಅವ್ವ ಅಣ್ಣನಿಗೆ ಬಡಿಸುವಾಗ ಅವನ ಮುಖ ನೋಡುತ್ತಿರಲಿಲ್ಲ. ಫಲಿತಾಂಶ ಬಂದಾಗ ನೋಡಿದರೆ ಅವರು ಎಣಿಸಿದ ಹಾಗೇ ಇತ್ತು: ಆಳದ ಚೀಲಗಳೆಲ್ಲ ಕಡಿಮೆ, ಮೇಲಿನ ಚೀಲಗಳೆಲ್ಲ ಹೆಚ್ಚು. ಎಡಗಡೆಯ ಎತ್ತು ಕಡಿಮೆ, ಬಲಗಡೆಯದು ಹೆಚ್ಚು. ನಾನು ಕುಣಿದಾಡಿದೆ. ಎಡಗಡೆಯದೇ ಆಳದ್ದು, ಮುಗಿಯಿತಲ್ಲ! ಗಂಟು ಬಿಚ್ಚಿತಲ್ಲ!

ಅಣ್ಣ ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. "ಎಡಗಡೀದು ಆಳದ್ದು ಅಂತ ಯಾಕಂತಿ?"

"ಅದರಾಗ ಕಡಿಮಿ ಐತೆಲ್ಲಾ!"

"ಆಳದಾಗ ಕಡಿಮಿ ಇರತೈತಿ ಅಂತ ಯಾರು ಹೇಳಿದ್ರು? ಅದನ್ನ ಕಂಡುಹಿಡ್ಯಾಕಂತನ ಅಲ್ಲೇನು ಅಳದದ್ದು? ನನಗ ಬೇಕಾದ ಉತ್ತರ ಹಿಡಕೊಂಡು ಎತ್ತು ಗುರುತಿಸಿ, ಅದ ಎತ್ತು ಹಿಡಕೊಂಡು ಉತ್ತರ ಸರಿ ಐತಿ ಅನ್ನೂದೇನು?"

ನನಗೆ ತಲೆ ತಿರುಗಿತು. ಅಕಸ್ಮಾತ್ ಬಲಗಡೆಯದೇ ಆಳದ್ದಾಗಿದ್ದರೆ? ಆಗ ಪಾಲು ಒಮ್ಮೆ ಏರಿ, ಇಳಿದು, ಮತ್ತೆ ಏರಿದ ಹಾಗಾಗುತ್ತದೆ. ಬೆಟ್ಟ ಒಂದೇ ಸಲಕ್ಕೆ ಬದಲಾಗದೆ ತೂಗಾಡಿತು ಎಂದಾಗುತ್ತದೆ. ಅದೂ ಆಗಬಹುದಾದದ್ದೇ ಎಂದ ಅಣ್ಣ. ಹಾಗಾದರೆ ಅಷ್ಟು ದೊಡ್ಡ ಹಿಮಾಲಯ ಏನು ಮಾಡಿತೆಂಬುದು ನಮ್ಮ ಅವ್ವ ಯಾವ ಚೀಲಕ್ಕೆ ಮೊದಲು ಕೈಹಾಕಿದಳೆಂಬುದರ ಮೇಲೆ ನಿಂತಿದೆಯೇ? ಹಾಗಲ್ಲ, ಬೆಟ್ಟ ಮಾಡಿದ್ದನ್ನು ಮಾಡಿಯಾಗಿದೆ, ನಮಗೆ ಗೊತ್ತಾಗುವುದು ಮಾತ್ರ ಅವ್ವನ ಕೈ ಮೇಲೆ ನಿಂತಿದೆ ಎಂದ. ಈ ಎರಡಕ್ಕೂ ಏನು ಅಂತರವೆಂದು ರಾತ್ರಿಯೂಟ ಮುಗಿಯುವವರೆಗೆ ಯೋಚಿಸಿದೆ. ಊಟ ಮುಗಿಯಿತೇ ಹೊರತು ಅಂತರ ಸಿಗಲಿಲ್ಲ.

ಮಣ್ಣಿನ ಬಣ್ಣ, ಕಣ ಎಲ್ಲ ನೋಡಿದ. ಎರಡೂ ಒಂದೇ ಬೂದು, ಒಂದೇ ನುಣುಪು. ಒಂದು ಭಾನುವಾರ ಗೈಡೇ ನಮ್ಮ ಮನೆಗೆ ಬಂದರು. ಮಲ್ಲೇಶ್ವರದ ಕಡೆಯವರು, ನಗುಮುಖದ ಮನುಷ್ಯ. ಚಹಾ ಕುಡಿದು ಅಣ್ಣನ ಬೆನ್ನು ತಟ್ಟಿದರು.

"ನೋಡಪ್ಪಾ, ಮೇಲೆ ಕೆಳಗೆ ಎಲ್ಲಾ ಚೀಲಾನೂ ಒಂದೇ ಮಾತು ಹೇಳ್ತಿವೆ. ಕಡಿಮೆ ಇರೋದು ಕೆಳಗಿಂದು, ಅಷ್ಟೇ. ಇದು ಕಾಮನ್ ಸೆನ್ಸು ಕಣೋ. ಬರೆದು ಮುಗ್ಸು, ಮುಂದಿನ ತಿಂಗಳು ಆ ಪೋಸ್ಟಿಗೆ ಇಂಟರ್ವ್ಯೂ ಇದೆ." ಆಮೇಲೆ ಅವ್ವನ ಕಡೆ ತಿರುಗಿ, "ನಿಮ್ಮ ಮಗ ಚಿನ್ನದಂಥ ಹುಡುಗ ತಾಯಿ. ಸ್ವಲ್ಪ ತಲೆ ಜಾಸ್ತಿ ಓಡಿಸ್ತಾನೆ, ಅದೊಂದೇ ಕಷ್ಟ" ಎಂದರು.

ಅವರ ಮಾತು ನನಗೆ ಸರಿಯಾಗಿಯೇ ಕಂಡಿತು. ಅಣ್ಣ ಹೇಳಿದ್ದೂ ಸರಿಯಾಗಿಯೇ ಕಂಡಿತ್ತು. ಎರಡೂ ಸರಿ ಹೇಗಾಗುತ್ತದೆ? ಗೈಡು ಹೋದ ಮೇಲೆ ಅಣ್ಣನಿಗೂ ಹಾಗೇ ಆಗಿತ್ತೆಂದು ತೋರುತ್ತದೆ. ಅವನು ಅವ್ವನ ಹತ್ತಿರ ಹೋಗಿ ಕೂತು, ಸಣ್ಣ ಹುಡುಗನ ದನಿಯಲ್ಲಿ ಕೇಳಿದ:

"ಯವ್ವಾ, ಇನ್ನೊಂದ ಸಲ ನೆನಪು ಮಾಡ್ಕೋ. ಎಡಗಡೀ ಎತ್ತು ಯಾವ ಚೀಲದ್ದು?"

ಅವ್ವ ಅವನ ಮುಖವನ್ನೇ ನೋಡಿದಳು. ಅಷ್ಟು ತಿಂಗಳಾದ ಮೇಲೆ ಮೊದಲ ಸಲ. "ನಿನಗ ಯಾವುದು ಚಲೋ ಆಕ್ಕೈತಿ ಹೇಳು."

"ಹಂಗಲ್ಲವಾ..."

"ಎಡಗಡೀದು ಆಳದ್ದಾದ್ರ ನಿನಗ ನೌಕರಿ ಸಿಗತೈತಿ ಹೌದಿಲ್ಲೋ? ಹಂಗಾದ್ರ ಅದು ಆಳದ್ದ. ಬಸವಣ್ಣನ ಮುಂದ ದೀಪ ಮುಟ್ಟಿ ಆಣಿ ಮಾಡ್ತೀನಿ, ಯಾರ ಮುಂದ ಬೇಕಾದ್ರೂ ಬಂದು ಹೇಳ್ತೀನಿ."

ಸುಳ್ಳಿಗೆ ಹೆದರುವ ಹೆಂಗಸು ನಮ್ಮವ್ವ. ತರಕಾರಿಯವನು ಒಂದು ಬದನೆಕಾಯಿ ಹೆಚ್ಚು ಹಾಕಿದರೂ ಕರೆದು ವಾಪಸು ಕೊಡುವವಳು. ಅವಳ ಬಾಯಲ್ಲಿ ದೇವರ ಆಣೆ ಕೇಳಿ ಅಣ್ಣ ಕಣ್ಣು ಒರೆಸಿಕೊಂಡ.

ಆಗಲೇ ನನಗೆ ನೆನಪಾಯಿತು. ಸುಳ್ಳಲ್ಲ, ನಿಜವಾಗಿಯೂ ನೆನಪಾಯಿತು. ನಾನು ಹೊಸ್ತಿಲ ಮೇಲಿದ್ದೆ, ಬಾಚಣಿಗೆ ಕೂದಲಲ್ಲಿ ಸಿಕ್ಕಿಕೊಂಡಿತ್ತು, ತಲೆ ಓರೆ ಮಾಡಿದಾಗ ಅವ್ವ ಗೋಡೆಯ ಕಡೆಯ ಚೀಲ ಬಿಚ್ಚಿ ಮೊದಲ ಎತ್ತು ಮಾಡಿ ತನ್ನ ಎಡಕ್ಕಿಟ್ಟಳು. ಗೋಡೆಯ ಕಡೆ ಇದ್ದವೇ ಆಳದವು. ಚೀಲದ ಬಾಯಿಗೆ ಕಟ್ಟಿದ್ದ ದಾರ ಕೂಡ ಕಣ್ಣಿಗೆ ಕಟ್ಟಿತು. "ಅಣ್ಣಾ, ನಾ ನೋಡೀನಿ!" ಎಂದು ಕೂಗಿ, ಕಂಡದ್ದನ್ನೆಲ್ಲ ಹೇಳಿದೆ.

ಅವನು ಪೂರ್ತಿ ಕೇಳಿದ. ಆಮೇಲೆ ಮೆತ್ತಗೆ, "ಅಮಾಸಿ ದಿನ ಕೇಳಿದಾಗ ನಿನಗ ಗೊತ್ತಿರಲಿಲ್ಲ" ಎಂದ.

"ಆಗ ನೆನಪಿರಲಿಲ್ಲ, ಈಗ ಆಗೇತಿ!"

"ರಿಸಲ್ಟು ಬಂದ ಮ್ಯಾಲ. ಸರ್ ಬಂದು ಹೋದ ಮ್ಯಾಲ."

"ನಾ ಸುಳ್ಳ ಹೇಳ್ತೀನಂತೀಯೇನು?" ನನಗೆ ಮೈಯೆಲ್ಲಾ ಉರಿಯಿತು. ಅವ್ವನದು ಸುಳ್ಳೆಂದು ಅವಳಿಗೂ ಗೊತ್ತು, ನಮಗೂ ಗೊತ್ತು. ನಾನು ಕಂಡದ್ದನ್ನೇ ಹೇಳುತ್ತಿದ್ದೆನಲ್ಲ!

"ನೀ ಸುಳ್ಳ ಹೇಳಾಕತ್ತಿಲ್ಲ ತಂಗಿ. ಅದ ತ್ರಾಸು." ಅವನು ನಮ್ಮಿಬ್ಬರನ್ನೂ ನೋಡಿದ. "ನೀವಿಬ್ಬರೂ ನನ್ನ ಮ್ಯಾಲ ಭಾಳ ಜೀವ ಇಟ್ಟೀರಿ. ಅದಕ್ಕ ನಿಮ್ಮ ಸಾಕ್ಷಿ ನಡಿಯೂದಿಲ್ಲ."

"ಜೀವ ಇಟ್ಟದ್ದು ತಪ್ಪಾತೇನು?" ಎಂದಳು ಅವ್ವ.

ಅಣ್ಣ ಎರಡೂ ಎತ್ತುಗಳನ್ನು ಲೆಕ್ಕದಿಂದ ಬಿಟ್ಟ. ಅವನ ಪ್ರಬಂಧದ ನಕ್ಷೆಯಲ್ಲಿ ಕೆಳಗಿನಿಂದ ಬಂದ ಗೆರೆ ನಡುವೆ ನಿಂತು, ಒಂದಿಷ್ಟು ಜಾಗ ಖಾಲಿ ಬಿಟ್ಟು, ಮತ್ತೆ ಮೇಲೆ ಶುರುವಾಗುತ್ತದೆ. ಗೈಡು ಮೊದಲು ಸಿಟ್ಟು ಮಾಡಿದರು, ಆಮೇಲೆ ಸಹಿ ಹಾಕಿದರು. ಡಿಗ್ರಿ ಬಂತು, ಆ ಕೆಲಸ ಬೇರೆಯವನಿಗೆ ಹೋಯಿತು. ಅಣ್ಣ ತುಮಕೂರಿನ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾ ಅಲ್ಲೇ ನಿಂತ. ಅವನಿಗೆ ಬೇಸರವಾಗಿದೆಯೇ ಎಂದರೆ ಹೌದೆನ್ನಲಾರೆ, ಇಲ್ಲವೆನ್ನಲೂ ಆರೆ. ಅವನು ಮಾಡಿದ್ದು ದೊಡ್ಡತನವೋ ಹಟವೋ ಎಂಬುದೂ ನನಗೆ ಬಗೆಹರಿದಿಲ್ಲ. ಕೆಲವು ದಿನ ಕಾಲಿಗೆ ಬೀಳಬೇಕೆನಿಸುತ್ತದೆ, ಕೆಲವು ದಿನ ಹಿಡಿದು ಎರಡು ಬಾರಿಸಬೇಕೆನಿಸುತ್ತದೆ.

ನನ್ನ ನೆನಪು ಮಾತ್ರ ವರ್ಷದಿಂದ ವರ್ಷಕ್ಕೆ ನಿಚ್ಚಳವಾಗುತ್ತಲೇ ಇದೆ. ಈಗ ಚೀಲದ ಮೇಲಿನ ನಂಬರೂ ಕಾಣಿಸುತ್ತದೆ. ಎಡಗಡೆಯದೇ ಆಳದ್ದು ಎಂದು ಇವತ್ತು ಕೇಳಿದರೂ ದೀಪ ಮುಟ್ಟಿ ಹೇಳುತ್ತೇನೆ. ಪಂಚಮಿ ಹಬ್ಬಕ್ಕೆ ಅಣ್ಣ ಮನೆಗೆ ಬಂದಾಗ ಊಟ ಮಾಡುತ್ತಾನೆ, ಮಕ್ಕಳ ಓದಿನ ಬಗ್ಗೆ ವಿಚಾರಿಸುತ್ತಾನೆ, ನನ್ನ ಮಂಡಿನೋವಿನ ಬಗ್ಗೆ ವಿಚಾರಿಸುತ್ತಾನೆ. ಅದೊಂದನ್ನು ಕೇಳುವುದಿಲ್ಲ.